ದುಡಿದದ್ದರ ಲೆಕ್ಕ ಯಾರ ಕೈಯಾಗ?

ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಕಾಟಾ ಬರೆಯುತ್ತಿದ್ದ ಮಸ್ಕಿ ಕಡೆಯ ಹುಡುಗ. ಲಿಂಗಸುಗೂರಿನಲ್ಲಿ ಕೂಲಿಕಾರ ಹೆಣ್ಣುಮಕ್ಕಳ ಸಂಘ ಕಟ್ಟಿದ, ತಾನೂ ನಾಟಿ ಹಚ್ಚಿ ಬೆಳೆದ ಅಕ್ಕ. ಮಾತು ಅವರಿಬ್ಬರದು.

ಹುಡುಗ: ಅಕ್ಕಾರ, ಮೂರು ತಿಂಗಳ ಪಗಾರ ನಿಂತೈತಿ. ಸಂಕ್ರಾಂತಿಗೆ ಕೊಡ್ತೀನಿ ಅಂದ್ರು, ಆಮ್ಯಾಲ ಯುಗಾದಿ ಅಂದ್ರು, ಈಗ ಫೋನ ಎತ್ತಂಗಿಲ್ಲ. ನೀವು ಒಂದು ಮಾತು ಹೇಳಿದ್ರ ಕೊಡ್ತಾರ ಅಂತ ನಮ್ಮವ್ವ ಕಳಿಸ್ಯಾಳ.

ಅಕ್ಕ: ನಾ ಹೇಳಿದ್ದಕ್ಕ ಕೊಟ್ರ ಅದು ನನಗ ಮಾಡಿದ ಉಪಕಾರ ಆಗ್ತೈತಿ, ತಮ್ಮಾ. ಮುಂದಿನ ತಿಂಗಳ ಮತ್ತ ನಿಂತ್ರ ಮತ್ತ ನನ್ನ ಹುಡುಕ್ಕೊಂಡು ಲಿಂಗಸುಗೂರಿಗೆ ಬರಬೇಕಾಗ್ತೈತಿ. ಕುಂದ್ರು. ತಿಂಗಳಿಗೆ ಎಷ್ಟು ಅಂತ ಮಾತಾಗಿತ್ತು?

ಹುಡುಗ: 14,000 ರೀ.

ಅಕ್ಕ: ಎಲ್ಲೆ ಬರದೈತಿ?

ಹುಡುಗ: ಎಲ್ಲೂ ಬರದಿಲ್ರೀ. ಸಾವ್ಕಾರ್ರು ಬಾಯಿಲೆ ಹೇಳಿದ್ರು, ನಮ್ಮ ಮಾವ ಅಲ್ಲೇ ನಿಂತಿದ್ದ. ಸುಗ್ಗಿ ಟೈಮಿನ್ಯಾಗ ರಾತ್ರಿ ಹತ್ತರ ತನಕ ಕಾಟಾದ ಮುಂದ ಇರ್ತೀನಿ. ಬರೋ ಲಾರಿ, ಟ್ರ್ಯಾಕ್ಟರು, ಎಷ್ಟು ಚೀಲ, ಎಷ್ಟು ಕ್ವಿಂಟಲ್, ಎಷ್ಟು ತೇವ, ಎಲ್ಲಾ ನಾನ ಬರಿಯಾಂವ.

ಅಕ್ಕ: ಊರ ಮಂದಿ ಭತ್ತದ ಲೆಕ್ಕ ಕಿಲೋ ತಪ್ಪದಂಗ ಬರೀತಿ. ನಿನ್ನ ದಿನದ ಲೆಕ್ಕ ಯಾರು ಬರೀತಾರ?

ಹುಡುಗ: ಅದು ಸಾವ್ಕಾರ್ರ ಡೈರಿಯಾಗ ಇರ್ತೈತಿ.

ಅಕ್ಕ: ರೋಗ ಇಲ್ಲೇ ಐತಿ ನೋಡು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ನಾ ಇಷ್ಟು ವರ್ಷ ಕಂಡದ್ದು ಇದ. ದುಡಿದಾಂವನ ಕೈಯಾಗ ಒಂದು ತುಂಡು ಕಾಗದ ಇರಂಗಿಲ್ಲ, ಕೊಡಾಂವನ ಕೈಯಾಗ ಪೂರಾ ಪುಸ್ತಕ ಇರ್ತೈತಿ. ಹಟ್ಟಿ ಚಿನ್ನದ ಗಣಿಯಾಗ ಕಾಯಂ ನೌಕರಿ ಮಾಡೋರ್ನ ಕೇಳು. ತಿಂಗಳಾ ಪಗಾರ ಚೀಟಿ ಬರ್ತೈತಿ, ಅದರಾಗ ಮೂಲ ವೇತನ ಎಷ್ಟು, ತುಟ್ಟಿಭತ್ಯೆ ಎಷ್ಟು, ಪಿಎಫ್‌ಗೆ ಹಿಡಿದದ್ದು ಎಷ್ಟು ಅಂತ ಇರ್ತೈತಿ. ಅಲ್ಲಿ ಕಾರ್ಮಿಕ ಸಂಘಕ್ಕ ಗುಟ್ಟಿನ ಮತದಾನ ಆಗ್ತೈತಿ, ಗೆದ್ದ ಸಂಘ ಆಡಳಿತದ ಕೂಡ ಕುಂತು ವೇತನ ಒಪ್ಪಂದ ಮಾಡ್ತೈತಿ. ಅದೂ ಇದ ಲಿಂಗಸುಗೂರು ತಾಲ್ಲೂಕು. ಅಲ್ಲಿ ಆಗೋದು ಸಿಂಧನೂರು ಮಿಲ್ಲಿನ್ಯಾಗ ಯಾಕ ಆಗಂಗಿಲ್ಲ ಅಂತ ನಾವು ಕೇಳಬೇಕು.

ಹುಡುಗ: ಅಲ್ಲಿ ಸರ್ಕಾರದ್ದು ಕಂಪನಿ ಐತ್ರೀ. ನನ್ನ ಹತ್ರ ಸಾಕ್ಷಿನ ಇಲ್ಲ.

ಅಕ್ಕ: ಐತಿ. ನೀ ಬರೆದ ಕಾಟಾ ಚೀಟಿ ಐತಿ. ಅದರ ಮ್ಯಾಲ ತಾರೀಖು ಐತಿ, ವ್ಯಾಳೆ ಐತಿ, ನಿನ್ನ ಅಕ್ಷರ ಐತಿ, ಸಹಿ ಐತಿ. ಭತ್ತ ತಂದ ರೈತರ ಮನ್ಯಾಗ ಆ ಚೀಟಿ ಇರ್ತಾವ. ದುಡ್ಡು ಪೂರಾ ಕೈಗೆ ಬರೋ ತನಕ ಯಾವ ರೈತಾನೂ ಅದನ್ನ ಒಗಿಯಂಗಿಲ್ಲ. ನಿಮ್ಮೂರಾಗ, ಆಜೂಬಾಜೂ ಊರಾಗ ಹೋಗಿ ಫೋಟೋ ಹೊಡ್ಕೊಂಡು ಬಾ. ಮತ್ತ, ಸಾವ್ಕಾರ ನಿನ್ನ ಫೋನಿಗೆ ಏನರ ಕಳಿಸಿದ್ದೈತೇನು?

ಹುಡುಗ: ವಾಟ್ಸಾಪ್‌ನ್ಯಾಗ 'ನಾಳೆ ಲಗೂನ ಬಾ, ಮೂರು ಲಾರಿ ಬರ್ತಾವ' ಅಂತ ವಾಯ್ಸ್ ಮೆಸೇಜ್ ಅದಾವ್ರೀ. ಫೋನ್‌ಪೇ ಮಾಡಿದ್ದು ಆಗೊಮ್ಮೆ ಎರಡು ಸಾವಿರ, ಈಗೊಮ್ಮೆ ಮೂರು ಸಾವಿರ ಅದಾವ.

ಅಕ್ಕ: ಅಳಿಸಬ್ಯಾಡ. ಫೋನ್ ಕೆಟ್ಟೀತು, ಕಳದೀತು. ಇವತ್ತ ನಿನ್ನ ತಂಗಿ ಫೋನಿಗೂ ಕಳಿಸಿಡು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸು, ಯಾರ ಖಾತೆಲಿಂದ ಬಂತು ಅನ್ನೋದು ಅದರಾಗ ಬೀಳ್ತೈತಿ. ಆಮ್ಯಾಲ ಒಂದು ನೋಟ್‌ಬುಕ್ ತಗೊಂಡು ನೆನಪಿದ್ದಷ್ಟು ಬರಿ. ಯಾವ ತಿಂಗಳ ಸೇರಿದಿ, ಯಾವಾಗ ಎಷ್ಟು ಬಂತು, ಎಷ್ಟು ಬರಬೇಕು, ಯಾವ ಯಾವ ದಿನ ರಾತ್ರಿ ತನಕ ನಿಂತಿ. ನೆನಪಿಲ್ಲದ್ದನ್ನ ಬರಿಬ್ಯಾಡ. ಒಂದು ಸುಳ್ಳು ದಿನ ಸೇರಿಸಿದ್ರ ನಿಜ ದುಡಿದ ದಿನಾನೂ ಅನುಮಾನಕ್ಕ ಬೀಳ್ತಾವ.

ಹುಡುಗ: ಇಷ್ಟೆಲ್ಲ ಬರೆದ್ರೂ 'ಪಗಾರ ಕೊಟ್ಟೀನಿ, ಕೈಯಾಗ ರೊಕ್ಕ ಕೊಟ್ಟೀನಿ' ಅಂತ ಅಂದುಬಿಟ್ರ?

ಅಕ್ಕ: ಅಂದ್ರ ಅವನ ತೋರಿಸಬೇಕು. 2019ರಾಗ ಪಾರ್ಲಿಮೆಂಟಿನ್ಯಾಗ ವೇತನ ಸಂಹಿತೆ ಅಂತ ಪಾಸಾತು, 2025ರ ನವೆಂಬರ್ 21ರಿಂದ ಜಾರಿ ಬಂತು. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, 1965ರ ಬೋನಸ್ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ, ಈ ನಾಲ್ಕೂ ತಗದು ಅದೊಂದನ್ನ ಇಟ್ಟಾರ. ಅದರ 59ನೇ ಕಲಮು ಏನು ಹೇಳ್ತೈತಿ ಅಂದ್ರ, ಪಗಾರ ಬಂದಿಲ್ಲ, ಕಡಿಮಿ ಬಂದೈತಿ ಅಂತ ಕೆಲಸಗಾರ ಅರ್ಜಿ ಹಾಕಿದ್ರ, ಕೊಟ್ಟೀನಿ ಅಂತ ಸಾಬೀತು ಮಾಡೋ ಹೊಣಿ ಮಾಲಕರದು. ನೀ ಅಲ್ಲಿ ದುಡಿದಿ ಅನ್ನೋದನ್ನ ನೀ ತೋರಿಸು, ಕೊಟ್ಟದ್ದನ್ನ ಅವ ತೋರಿಸಲಿ. ಪಗಾರ ಚೀಟಿ ಕೊಡೋದೂ ಅದ ಕಾಯ್ದೆಯಾಗ ಕಡ್ಡಾಯ ಐತಿ. ಚೀಟಿನ ಕೊಡದಾಂವ 'ಕೊಟ್ಟೀನಿ' ಅಂತ ಹೇಳಿದ್ರ ಯಾವ ಕಾಗದ ಇಡ್ತಾನ?

ಹುಡುಗ: ಸಹಿ ಮಾಡಿಸ್ಕೊಂಡಾರ್ರೀ. ಸೇರಿದ ಹೊಸದಾಗ ಒಂದು ಖಾಲಿ ಹಾಳಿ ಮ್ಯಾಲ, ಒಂದು ಬಾಂಡ್ ಪೇಪರ್ ಮ್ಯಾಲ.

ಅಕ್ಕ: ಯಾಕ ಮಾಡಿದಿ?

ಹುಡುಗ: ಮುಂಗಡ ತಗೊಂಡಿದ್ದೆ. 20,000. ಅಕ್ಕನ ಮದಿವಿ ಇತ್ತು.

ಅಕ್ಕ: ಮಾತು ಈಗ ಬ್ಯಾರಿನ ಆತು. ಮೊದಲ ಹೇಳಬೇಕಿತ್ತು ನೀನು. ಮುಂಗಡ ಎಷ್ಟು ತೀರೈತಿ?

ಹುಡುಗ: ಗೊತ್ತಿಲ್ರೀ. ಅದೂ ಡೈರಿಯಾಗ ಐತಿ. ಮೊನ್ನೆ ಕೇಳಿದ್ರ 'ನೀನ ನನಗ ಇನ್ನೂ ಕೊಡಬೇಕು' ಅಂದ್ರು.

ಅಕ್ಕ: ನಮ್ಮ ಕಡೆ ಪಗಾರ ಮುಳುಗಿಸೋದಕ್ಕ ಮುಂಗಡದಷ್ಟು ದೊಡ್ಡ ಹಗ್ಗ ಇನ್ನೊಂದಿಲ್ಲ. ಮಂದಿ ತಿಳ್ಕೊಂಡಾರ, ಮುಂಗಡ ಅಂದ್ರ ಸಾವ್ಕಾರ ದೊಡ್ಡ ಮನಸು ಮಾಡಿದ್ದು ಅಂತ. ಕೊಟ್ಟಾಗ ಹಂಗ ಕಾಣ್ತೈತಿ ಖರೆ. ಮದಿವಿಗೆ ಆತು, ದವಾಖಾನಿಗೆ ಆತು, ನಾ ಇಲ್ಲ ಅನ್ನಂಗಿಲ್ಲ. ಆದ್ರ ಎಷ್ಟು ಕೊಟ್ಟೆ, ಎಷ್ಟು ಹಿಡಿದೆ, ಎಷ್ಟು ಉಳಿತು ಅನ್ನೋದು ಒಬ್ಬರ ಡೈರಿಯಾಗ ಇದ್ರ ಅದು ಎಂದೂ ತೀರಂಗಿಲ್ಲ. ಕಾಯ್ದೆ ಪ್ರಕಾರ ಮುಂಗಡ ಪಗಾರದಾಗ ಹಿಡಿಬಹುದು, ಆದ್ರ ಎಲ್ಲಾ ಕಡಿತ ಕೂಡಿ ಒಂದು ಸಲದ ಪಗಾರದ ಅರ್ಧಕ್ಕ ದಾಟಬಾರದು. ನಿನ್ನ 14,000ದಾಗ 7,000 ಕೈಗೆ ಬರಲೇಬೇಕಿತ್ತು. ಮೂರು ತಿಂಗಳ ಪೂರಾ ನಿಲ್ಲಿಸೋದಕ್ಕ ಯಾವ ಮುಂಗಡಾನೂ ಆಸರ ಆಗಂಗಿಲ್ಲ.

ಹುಡುಗ: ಮುಂಗಡ ತೀರೋ ತನಕ ಬ್ಯಾರೆ ಕಡೆ ಹೋಗಂಗಿಲ್ಲ ಅಂತ ಆ ಬಾಂಡಿನ್ಯಾಗ ಬರದಾರ.

ಅಕ್ಕ: ಹಂಗ ಬರೆದದ್ದು ಕಾಗದ ಅಷ್ಟ, ಒಪ್ಪಂದ ಅಲ್ಲ. ಸಾಲದ ಸಲುವಾಗಿ ಮನುಷ್ಯಾನ್ನ ಒಂದ ಕಡೆ ದುಡಿಯಂಗ ಕಟ್ಟಿ ಹಾಕೋದು ಜೀತ. 1976ರಾಗ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದಾಗ ಅಂಥಾ ಕರಾರು ಎಲ್ಲಾ ಬಿದ್ದುಹೋದವು. ನಿನ್ನ ಸಾವ್ಕಾರ ಹೆದರಸಿ ಹಿಡಿದ್ರ, ಊರು ಬಿಡಬ್ಯಾಡ ಅಂದ್ರ, ಅದನ್ನ ಲೇಬರ್ ಆಫೀಸಿಗೆ ಅಲ್ಲ, ತಹಶೀಲ್ದಾರರಿಗೆ, ಇಲ್ಲಾ ಇಲ್ಲೇ ಲಿಂಗಸುಗೂರಿನ ಸಹಾಯಕ ಆಯುಕ್ತರಿಗೆ ಬರೆದು ಕೊಡಬೇಕು. ನೀ ಅಲ್ಲಿಂದ ಎದ್ದು ಬಂದಿ, ಅವ ತಡಿಲಿಲ್ಲ. ಅದಕ್ಕ ನಿನ್ನ ವಿಚಾರದಾಗ ಪಗಾರದ ಅರ್ಜಿನ ಸರಿ. ಮುಂಗಡ ಮುಚ್ಚಿಡಬ್ಯಾಡ, ಅರ್ಜಿಯಾಗ ನೀನ ಮೊದಲ ಬರಿ: 20,000 ತಗೊಂಡೀನಿ, ಅದರ ಲೆಕ್ಕ ನನಗ ಕೊಟ್ಟಿಲ್ಲ ಅಂತ. ಅವ ಹೇಳೋದಕ್ಕಿಂತ ಮೊದಲ ನೀ ಹೇಳಿದ್ರ ಅದು ನಿನ್ನ ಮ್ಯಾಲ ಬರಂಗಿಲ್ಲ.

ಹುಡುಗ: ನಮ್ಮ ಮಾವ ಬ್ಯಾರೆ ಹೇಳ್ತಾನ. ಊರ ಹಿರಿಯರ್ನ ಕರಕೊಂಡು ಹೋಗಿ ಕುಂತು ಬಗಿಹರಿಸ್ಕೊಳ್ಳೂಣು, ಆಫೀಸು ಕೋರ್ಟು ಅಂದ್ರ ಚಪ್ಪಲಿ ಸವಿತಾವ ಅಂತ.

ಅಕ್ಕ: ಹೊಲದ ಬದುವಿನ ಜಗಳಕ್ಕ, ಅಣ್ಣ ತಮ್ಮರ ಪಾಲಿಗೆ ಹಿರಿಯರು ಬೇಕು. ನಾ ಅವರಿಗೆ ಕೈ ಮುಗೀತೀನಿ. ಪಗಾರದ ವಿಚಾರಕ್ಕ ಮಾತ್ರ ಅವರು ಬ್ಯಾಡ ಅಂತೀನಿ, ಯಾಕಂದ್ರ ಅವರ ರೂಢಿ ಎರಡೂ ಕಡೆ ಸಮಾಧಾನ ಮಾಡೋದು. ಒಬ್ಬ 42,000 ಬರಬೇಕು ಅಂತಾನ, ಒಬ್ಬ ಏನೂ ಇಲ್ಲ ಅಂತಾನ, ಹಿರಿಯರು 20,000ಕ್ಕ ಮುಗಸ್ತಾರ. ಎಲ್ಲರೂ ಚಹಾ ಕುಡಿದು ಏಳ್ತಾರ. ನೀ ಅರ್ಧ ದಿನ ದುಡಿದಿದ್ದೇನು, ಅರ್ಧ ತಗೋಳಾಕ? ಇನ್ನೊಂದು, ಆ ಹಿರಿಯರು ತಮ್ಮ ಭತ್ತ ಯಾವ ಮಿಲ್ಲಿಗೆ ಹಾಕ್ತಾರ ಅನ್ನೋದು ನಿನಗ ಕಾಟಾದ ಮ್ಯಾಲ ಕುಂತಾಗ ಕಂಡೈತಿ.

ಹುಡುಗ: ಕಂಡೀನ್ರೀ.

ಅಕ್ಕ: ಹಂಗಂತ ಎಲ್ಲರ ಮ್ಯಾಲೂ ಒಂದ ಕೋಲು ಹಿಡಿಬೇಕು ಅಂತ ನಾ ಹೇಳಂಗಿಲ್ಲ. ನಿಮ್ಮವ್ವ ನಾಟಿ ಗುಂಪಿನ್ಯಾಗ ಹೋಗ್ತಾಳಲ್ಲ?

ಹುಡುಗ: ಹೋಗ್ತಾಳ್ರೀ. ಮಸ್ಕಿ ಕಡೆ ಬೆದ್ದಲು, ಮಳಿ ಇಲ್ಲಂದ್ರ ಕೆಲಸ ಇಲ್ಲ. ಮುಂಜಾನೆ ಟಂಟಂನ್ಯಾಗ ಸಿಂಧನೂರು ಕ್ಯಾಂಪುಗಳಿಗೆ ಹೋಗ್ತಾರ. ಎಕರೆಕ್ಕ ಇಷ್ಟು ಅಂತ ಗುತ್ತಿಗಿ ಹಿಡಿತಾರ. ಹೋದ ವರ್ಷ ಒಬ್ಬ ರೈತ 'ಭತ್ತ ಮಾರಿದ ಮ್ಯಾಲ ಕೊಡ್ತೀನಿ' ಅಂದಾಂವ ಕೊಡಲಿಲ್ಲ.

ಅಕ್ಕ: ಅವಗ ಎಷ್ಟು ಎಕರೆ ಇತ್ತು?

ಹುಡುಗ: ಎರಡೂವರಿ. ಅದೂ ಲಾವಣಿ ಹಾಕ್ಕೊಂಡಿದ್ದು.

ಅಕ್ಕ: ಅವನ ಮ್ಯಾಲ ನಾ ಅರ್ಜಿ ಬರಿಸಂಗಿಲ್ಲ. ಇದು ನನ್ನ ತೀರ್ಮಾನ, ಕಾಯ್ದೆದ್ದಲ್ಲ. ಕಾಯ್ದೆನೂ ಹೊಲದ ಕೆಲಸಕ್ಕ, ಮನಿ ಕೆಲಸಕ್ಕ ಐದಕ್ಕಿಂತ ಹೆಚ್ಚು ಮಂದಿ ಇಟ್ಟುಕೊಳ್ಳದಾಂವಗ ರಿಜಿಸ್ಟರ್, ಪಗಾರ ಚೀಟಿ ಇವುಗಳಿಂದ ವಿನಾಯಿತಿ ಕೊಟ್ಟೈತಿ. ಕೂಲಿ ಕೊಡೋದರಿಂದ ವಿನಾಯಿತಿ ಇಲ್ಲ, ಅದನ್ನ ನೆನಪಿಡು. ಆ ಲಾವಣಿ ರೈತಗ ಗೊಬ್ಬರದ ಅಂಗಡಿಯಾಂವ ಮೊದಲ ಹಿಡಿತಾನ, ಹೊಲದ ಮಾಲಕ ಆಮ್ಯಾಲ, ಕೂಲಿ ಹೆಣ್ಣುಮಕ್ಕಳು ಕಡೀಕ. ನಮ್ಮ ಸಂಘದಾಗ ನಾವು ಮಾಡೋದು ಏನಂದ್ರ, ಗುಂಪು ಹೊಲಕ್ಕ ಇಳಿಯೋ ಮೊದಲ ಅರ್ಧ ಕೈಯಾಗ, ಉಳಿದದ್ದು ನಾಟಿ ಮುಗಿದ ಸಂಜಿಗೆ. ಭತ್ತ ಮಾರಿದ ಮ್ಯಾಲ ಅನ್ನೋ ಮಾತಿಗೆ ಒಪ್ಪಂಗಿಲ್ಲ. ಉಳಿಸ್ಕೊಂಡ್ರ ರಾಶಿ ಕಣದಾಗ ಇದ್ದಾಗ ಎಲ್ಲರೂ ಕೂಡಿ ಹೋಗಿ ಕುಂದರ್ತೀವಿ, ರೊಕ್ಕ ಇಲ್ಲಂದ್ರ ಭತ್ತ ಅಳಿಸ್ಕೊಂಡು ಬರ್ತೀವಿ. ಲಾರಿ ಹೋದ ಮ್ಯಾಲ ಹೋದ್ರ ಕಣ ಖಾಲಿ ಇರ್ತೈತಿ.

ಹುಡುಗ: ನಮ್ಮವ್ವಗ ಗಂಡಾಳಿಗಿಂತ ಕಡಿಮಿ ಕೊಡ್ತಾರ. ಅದನ್ನ ಯಾರೂ ಕೇಳಂಗಿಲ್ಲ.

ಅಕ್ಕ: ಕೇಳದಂಗ ರೂಢಿ ಮಾಡ್ಯಾರ. ಒಂದ ತರದ ಕೆಲಸಕ್ಕ ಹೆಣ್ಣು ಗಂಡು ಅಂತ ಪಗಾರ ಬ್ಯಾರೆ ಮಾಡಬಾರದು ಅಂತ 1976ರಿಂದ ಕಾಯ್ದೆ ಐತಿ, ಹೊಸ ಸಂಹಿತೆಯ ಮೂರನೇ ಕಲಮೂ ಅದ. ನಮ್ಮ ಹಳ್ಳಿಯಾಗ ಇದನ್ನ ಮೊದಲ ಕಣ್ಣಿಗೆ ತೋರಿಸಿದ್ದು ಉದ್ಯೋಗ ಖಾತರಿ. ಕೆರಿ ಹೂಳು ಎತ್ತೋದಕ್ಕ ಗಂಡಿಗೂ ಅಷ್ಟ, ಹೆಣ್ಣಿಗೂ ಅಷ್ಟ. ಕರ್ನಾಟಕಕ್ಕ 2024-25ರಾಗ ದಿನಕ್ಕ 349 ರೂಪಾಯಿ ಇತ್ತು, 2025-26ಕ್ಕ 370 ಆತು. ಗಂಡನ ಕೂಡ ಅದ ಮೊತ್ತ ತನ್ನ ಖಾತೆಗೆ ಬಂದಾಗ ಹೆಣ್ಣುಮಕ್ಕಳು ಹೊಲದ ಕೂಲಿ ಮಾತಾಡೋ ದನಿ ಬ್ಯಾರಿನ ಆತು. ನಾ ಕಣ್ಣಾರೆ ಕಂಡೀನಿ. ಆ ಪಗಾರಾನೂ ಟೈಮಿಗೆ ಬರ್ತಿರಲಿಲ್ಲ, 15 ದಿನದಾಗ ಕೊಡಬೇಕು, ತಡ ಆದ್ರ ದಿನಕ್ಕ ಶೇಕಡಾ 0.05 ಪರಿಹಾರ ಅಂತ ಇತ್ತು. ಪಂಚಾಯ್ತಿ ಮುಂದ ಎಷ್ಟು ಸಲ ಕುಂತೀವಿ. ಸರ್ಕಾರಾನೂ ಬಾಕಿ ಇಡೋ ಮಾಲಕನ, ಅದನ್ನ ಹೇಳದ ಇರಬಾರದು. ರಾಜ್ಯದ ಕನಿಷ್ಠ ಕೂಲಿಕಿಂತ ಕಡಿಮಿ ಖಾತರಿ ಕೂಲಿ ಕೊಡಬಾರದು ಅಂತ ನಮ್ಮ ಹೈಕೋರ್ಟು 2011ರ ಸೆಪ್ಟೆಂಬರ್‌ನ್ಯಾಗ ಕೇಂದ್ರ ಸರ್ಕಾರಕ್ಕ ಹೇಳಬೇಕಾತು.

ಹುಡುಗ: ಕನಿಷ್ಠ ಕೂಲಿ ಅಂದ್ರಿ. ನನಗ 14,000 ಕನಿಷ್ಠಕ್ಕಿಂತ ಹೆಚ್ಚೋ ಕಡಿಮಿಯೋ?

ಅಕ್ಕ: ಅದನ್ನ ಬಾಯಿ ಅಂದಾಜಿಲೆ ಹೇಳಬಾರದು. ರೈಸ್ ಮಿಲ್ ಕೆಲಸಕ್ಕ ಸರ್ಕಾರ ದರ ಗೊತ್ತು ಮಾಡೈತಿ, ವಲಯದ ಪ್ರಕಾರ, ಕುಶಲ, ಅರೆಕುಶಲ ಅಂತ. ಪ್ರತಿ ವರ್ಷ ಏಪ್ರಿಲ್ 1ಕ್ಕ ತುಟ್ಟಿಭತ್ಯೆ ಕೂಡಿ ಏರ್ತೈತಿ. ಲೇಬರ್ ಆಫೀಸಿಗೆ ಹೋದಾಗ ಈ ವರ್ಷದ ದರಪಟ್ಟಿ ಕೇಳಿ ಝೆರಾಕ್ಸ್ ತಗೋ. ಕಾಟಾ ಬರಿಯೋರು ಯಾವ ದರ್ಜೆಯಾಗ ಬರ್ತಾರ ನೋಡಿಸು. 14,000 ಅದಕ್ಕಿಂತ ಕಡಿಮಿ ಇದ್ರ, ನೀನ ಒಪ್ಪಿದ್ದಿ ಅನ್ನೋ ಮಾತು ನಡಿಯಂಗಿಲ್ಲ. ಆಗ ಬಾಕಿ ಮೂರು ತಿಂಗಳದ್ದಷ್ಟ ಅಲ್ಲ, ಪೂರಾ ಬಂತು ಅಂದ್ಕೊಂಡ ತಿಂಗಳದ್ದೂ ಬಾಕಿ ಐತಿ. ರಾತ್ರಿ ಹತ್ತರ ತನಕ ನಿಂತದ್ದಕ್ಕ ಹೆಚ್ಚುವರಿ ತಾಸಿಗೆ ಎರಡರಷ್ಟು. ಯಾರೂ ಇದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಪಗಾರ ನಿಂತಾಗ ಮಂದಿ ನಿಂತದ್ದನ್ನಷ್ಟ ಕೇಳ್ತಾರ, ಕಡಿಮಿ ಬಂದದ್ದನ್ನ ಮರೀತಾರ.

ಹುಡುಗ: ನಾನ ಒಪ್ಪಿ ಮಾಡಿದ್ದಕ್ಕ ಕೋರ್ಟು ಏನು ಮಾಡ್ತೈತಿ ಅಂತೀನಿ.

ಅಕ್ಕ: 1982ರಾಗ ದಿಲ್ಲಿಯಾಗ ಏಷ್ಯಾಡ್ ಆಟ ಇತ್ತು. ಮೈದಾನ, ಸೇತುವೆ ಕಟ್ಟಿದ ಕೂಲಿಗಳಿಗೆ ಗುತ್ತಿಗೆದಾರರು, ಮೇಸ್ತ್ರಿಗಳು ನಡುವ ಮುರ್ಕೊಂಡು ಕನಿಷ್ಠಕ್ಕಿಂತ ಕಡಿಮಿ ಕೊಟ್ರು. ಪಿಯುಡಿಆರ್ ಅನ್ನೋ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋತು. ನ್ಯಾಯಮೂರ್ತಿ ಭಗವತಿಯವರು ಬರೆದ ತೀರ್ಪಿನ್ಯಾಗ ಐತಿ: ಕನಿಷ್ಠ ಕೂಲಿಕಿಂತ ಕಡಿಮಿಗೆ ಯಾರರ ದುಡಿತಾರ ಅಂದ್ರ ಹಸಿವು ಅವರ್ನ ದೂಡೈತಿ, ಅದು ಸಂವಿಧಾನದ 23ನೇ ವಿಧಿ ತಡೆದ ಬಲವಂತದ ದುಡಿಮಿ. ಒಪ್ಪಿ ಬಂದ್ರಲ್ಲ ಅನ್ನೋರಿಗೆ ಅದ ಉತ್ತರ. ನಾ ಸಂಘದ ಪ್ರತಿ ಸಭೆಯಾಗ ಇದನ್ನ ಹೇಳ್ತೀನಿ, ಹೆಣ್ಣುಮಕ್ಕಳಿಗೆ ಬಾಯಿಪಾಠ ಆಗೈತಿ.

ಹುಡುಗ: ತಂಗಿ ಬೆಂಗಳೂರಾಗ ಗಾರ್ಮೆಂಟ್ಸ್‌ನ್ಯಾಗ ಅದಾಳ. ಅಲ್ಲಿ ಇಂಥಾದ್ದು ಇಲ್ಲ ಅಂತಾಳ. ಏಳನೇ ತಾರೀಖಿಗೆ ಖಾತೆಗೆ ಬೀಳ್ತೈತಿ.

ಅಕ್ಕ: ಖಾತೆಗೆ ಬೀಳ್ತೈತಿ, ಪೂರಾ ಬಿತ್ತೇನು ಅಂತ ನೋಡಬೇಕು. 2020ರ ಏಪ್ರಿಲ್‌ನ್ಯಾಗ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಏರಿತು. ಗಾರ್ಮೆಂಟ್ಸ್ ಮಾಲಕರು ಕೊಡಂಗಿಲ್ಲ ಅಂತ ನಿಂತ್ರು. ನಾಕು ಲಕ್ಷಕ್ಕೂ ಹೆಚ್ಚು ಮಂದಿಗೆ, ಅದರಾಗ ಹೆಚ್ಚಿನೋರು ಹೆಣ್ಣುಮಕ್ಕಳು, ತಿಂಗಳಾ 417 ಬರಲಿಲ್ಲ. ಒಬ್ಬಾಕಿಗೆ 417 ಸಣ್ಣದು ಅನಿಸ್ತೈತಿ, ಮಾಲಕರಿಗೆ ಕೂಡಿ ಎಷ್ಟು ಉಳಿತು ಲೆಕ್ಕ ಹಾಕು. ಹೈಕೋರ್ಟು ಅದ ವರ್ಷ ಸೆಪ್ಟೆಂಬರ್‌ನ್ಯಾಗ ಕೊಡ್ರಿ ಅಂತು. ಆದ್ರೂ ಬರಲಿಲ್ಲ. ಸಂಘಟನೆಗಳು ಬಿಡಲಿಲ್ಲ, ಬಟ್ಟಿ ಕೊಳ್ಳೋ ವಿದೇಶಿ ಕಂಪನಿಗಳ ಮ್ಯಾಲ ಒತ್ತಡ ಬಿತ್ತು, 2022ರ ಹೊತ್ತಿಗೆ ದೊಡ್ಡ ಕಂಪನಿಗಳು ಹಿಂದಿನ ಬಾಕಿ ಕೊಡಾಕ ಒಪ್ಪಿದ್ವು. ನಿನ್ನ ತಂಗಿ ಆಗ ಅಲ್ಲಿದ್ರ ಕೇಳು, ಬಂತೇನು ಅಂತ. ಪಿಎಫ್‌ನೂ ನೋಡಂತ ಹೇಳು. ಪಗಾರದಾಗ ಹಿಡಿದು ಪಿಎಫ್ ಆಫೀಸಿಗೆ ತುಂಬದೋರೂ ಅದಾರ; ಯುಎಎನ್ ನಂಬರ್ ಹಾಕಿದ್ರ ಫೋನಿನ್ಯಾಗ ಪಾಸ್‌ಬುಕ್ ಕಾಣ್ತೈತಿ.

ಹುಡುಗ: ನಮ್ಮ ಮಿಲ್ಲಿನ್ಯಾಗ ಇನ್ನೂ ನಾಕು ಮಂದಿದು ಬಾಕಿ ಐತ್ರೀ. ಅದರಾಗ ಇಬ್ಬರು ಹುಡುಗರು 'ಹೋಗಿ ಕಾಟಾನ ಒಡೆದು ಬರೂಣು, ಆವಾಗ ಕೊಡ್ತಾನ' ಅಂತ ಕುಣಿಯಾಕ ಹತ್ಯಾರ.

ಅಕ್ಕ: ಅವರ್ನ ನಾಳೆ ನನ್ನ ಹತ್ರ ಕರಕೊಂಡು ಬಾ. ಕೋಲಾರದ ನರಸಾಪುರದಾಗ ಆದದ್ದು ಅವರಿಗೆ ಹೇಳಬೇಕು. ವಿಸ್ಟ್ರಾನ್ ಅಂತ ಐಫೋನ್ ಕಟ್ಟೋ ಕಾರ್ಖಾನಿ. ಹಾಜರಿ ಹಿಡಿಯೋ ವ್ಯವಸ್ಥೆ ಸರಿ ಇರಲಿಲ್ಲ, ಬಂದ ದಿನ ಬಂದಂಗ ಬೀಳಲಿಲ್ಲ, ಪಗಾರ ಕಡಿಮಿ ಬಂತು, ತಡ ಆತು. ಕೇಳಿದ್ರ ಉತ್ತರ ಇಲ್ಲ. 2020ರ ಡಿಸೆಂಬರ್ 12ಕ್ಕ ಸಿಟ್ಟು ಒಡೆದು ಬಂತು, ಗಾಜು ಒಡೆದ್ರು, ಗಾಡಿ ಸುಟ್ರು. ಆಮ್ಯಾಲ ಕಂಪನಿನ ಒಪ್ಪಿತು, ಕೆಲವರಿಗೆ ಪಗಾರ ಸರಿಯಾಗಿ, ಟೈಮಿಗೆ ಕೊಟ್ಟಿಲ್ಲ ಅಂತ. ಕ್ಷಮೆ ಕೇಳಿತು, ಒಬ್ಬ ಉಪಾಧ್ಯಕ್ಷರ್ನ ತಗದ್ರು. ಸತ್ಯ ಕೆಲಸಗಾರರ ಕಡೆ ಇತ್ತು. ಆದ್ರ ನೂರಕ್ಕೂ ಹೆಚ್ಚು ಮಂದಿ ಬಂಧನ ಆದ್ರು. ಬಾಕಿ ಪಗಾರದ ಹಕ್ಕುದಾರ ಆಗಿದ್ದ ಹುಡುಗ ಒಂದ ದಿನದಾಗ ಆರೋಪಿ ಆದ. ನಮ್ಮ ಹುಡುಗರ್ನ ನಾ ಠಾಣೆಯಾಗ ನೋಡಾಕ ತಯಾರಿಲ್ಲ.

ಹುಡುಗ: ಠಾಣೆಗೆ ನಾವ ಹೋಗಿದ್ವಿ ಅಕ್ಕಾರ. 'ಇದು ಸಿವಿಲ್ ಮ್ಯಾಟರ್, ಲೇಬರ್ ಆಫೀಸಿಗೆ ಹೋಗ್ರಿ' ಅಂದ್ರು.

ಅಕ್ಕ: ಬರೀ ಪಗಾರ ಬಾಕಿ ಅಂದ್ರ ಅವರು ಹಂಗ ಅಂತಾರ. ಕೇಳಾಕ ಹೋದಾಗ ಹೊಡೆದ್ರ, ಜಾತಿ ಎತ್ತಿ ಬೈದ್ರ, ಪರಿಶಿಷ್ಟರ ಕೈಲೆ ಬಲವಂತಕ್ಕ ದುಡಿಸ್ಕೊಂಡ್ರ ಅದು ಸಿವಿಲ್ ಅಲ್ಲ, ಅದಕ್ಕ 1989ರ ದೌರ್ಜನ್ಯ ತಡೆ ಕಾಯ್ದೆ ಐತಿ. ನಿಮಗ ಹಂಗೇನರ ಆಗಿತ್ತೇನು?

ಹುಡುಗ: ಬೈದಿಲ್ರೀ. ನಗಾಡಿದ್ರು.

ಅಕ್ಕ: ನಗಲಿ. ಈಗ ಲೇಬರ್ ಆಫೀಸಿನ ಮಾತು. ನಿನ್ನ ಊರು ಮಸ್ಕಿ ತಾಲ್ಲೂಕು. ಮಸ್ಕಿ ತಾಲ್ಲೂಕಾದದ್ದ ಮೊನ್ನೆ, 2018ರಾಗ. ಅದಕ್ಕ ಮಂದಿ ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ತಿರಗ್ತಾರ. ನಿನ್ನ ಮನಿ ಎಲ್ಲೈತಿ ಅನ್ನೋದು ಬ್ಯಾಡ, ಮಿಲ್ ಎಲ್ಲೈತಿ ಅಲ್ಲಿ ಅರ್ಜಿ. ಅಂದ್ರ ಸಿಂಧನೂರು. ಅಲ್ಲಿ ಆಗಲಿಲ್ಲಂದ್ರ ರಾಯಚೂರಿನ ಕಾರ್ಮಿಕ ಅಧಿಕಾರಿಗಳ ಕಚೇರಿ. ಫೋನಿಲೆ ಕೇಳೋದಿದ್ರ ಇಲಾಖೆಯ ಸಹಾಯವಾಣಿ 155214.

ಹುಡುಗ: ಗಡುವು ಏನರ ಐತೇನ್ರೀ? ತಡ ಆತು ಅಂತ ತಳ್ಳಿಬಿಟ್ರ?

ಅಕ್ಕ: ಮೊದಲ ಕನಿಷ್ಠ ಕೂಲಿಗೆ ಆರು ತಿಂಗಳು, ಪಗಾರ ಬಾಕಿಗೆ ಒಂದು ವರ್ಷ ಇತ್ತು. ಗುಳೆ ಹೋದೋರು ಊರಿಗೆ ವಾಪಸ್ ಬರೋದ್ರಾಗ ಗಡುವು ಮುಗಿದಿರ್ತಿತ್ತು. ಈಗ ಮೂರು ವರ್ಷ. ಈ ಹೊಸ ಸಂಹಿತೆ ಬಗ್ಗೆ ನನಗ ಭಾಳ ತಕರಾರು ಅದಾವ, ಆದ್ರ ಇದೊಂದು ಚಲೋ ಮಾಡ್ಯಾರ. ಅರ್ಜಿ ತಗೊಂಡ ಅಧಿಕಾರಿ ಮೂರು ತಿಂಗಳದಾಗ ತೀರ್ಮಾನ ಮಾಡಾಕ ನೋಡಬೇಕು. ಬಾಕಿ ಕೊಡಿಸೋದಲ್ಲದ, ಅದರ ಹತ್ತರಷ್ಟರ ತನಕ ಪರಿಹಾರಾನೂ ಹಾಕಬಹುದು. ಹಾಕೇ ಹಾಕ್ತಾರ ಅಂತ ಆಸಿ ಇಟ್ಟುಕೊಬ್ಯಾಡ. ಆದೇಶ ಆದ ಮ್ಯಾಲೂ ಕೊಡಲಿಲ್ಲಂದ್ರ ಜಿಲ್ಲಾಧಿಕಾರಿ ಮೂಲಕ ಭೂಕಂದಾಯದ ಬಾಕಿ ವಸೂಲಿ ಮಾಡಿದಂಗ ವಸೂಲಿ ಮಾಡಬಹುದು. ಮಿಲ್ ಮಾಲಕಗ ಆ ಮಾತು ತಿಳಿತೈತಿ.

ಹುಡುಗ: ಮುಂದ ಕೆಲಸ ಸಿಗಂಗಿಲ್ಲ ಅಂತ ಹೆದರಿಕಿ ಐತ್ರೀ. ಮಿಲ್ ಮಾಲಕರು ಎಲ್ಲಾ ಒಬ್ಬರಿಗೊಬ್ಬರು ಬೇಕಾದೋರು. 'ಅವ ಕೇಸ್ ಹಾಕೋ ಹುಡುಗ' ಅಂತ ಹೆಸರು ಬಿದ್ರ ಸಿಂಧನೂರಾಗ ಯಾರ ಇಟ್ಟುಕೊಂತಾರ? ಡ್ಯಾಂ ಗೇಟು ಬದಲಿಸಾಕ ಅಂತ ಎರಡನೇ ಬೆಳಿಗೆ ನೀರು ಬಿಡಲಿಲ್ಲ, ಕಾಲುವಿ ಒಣಗಿದ್ವು, ಮಿಲ್ಲಿಗೂ ಕೆಲಸ ಕಡಿಮಿ. ಸಾವ್ಕಾರ್ರೂ ಅದನ್ನ ಹೇಳ್ತಾರ.

ಅಕ್ಕ: ನಿನ್ನ ಹೆದರಿಕಿ ಸುಳ್ಳು ಅಂತ ನಾ ಹೇಳಂಗಿಲ್ಲ. ಹೆಸರು ಬೀಳ್ತೈತಿ. ನಾ ಹದಿನೆಂಟರಾಕಿ ಇದ್ದಾಗ ಕೂಲಿ ಕೇಳಿದ್ದಕ್ಕ ನನ್ನನ್ನೂ ಯಾರೂ ಹೊಲಕ್ಕ ಕರಿತಿರಲಿಲ್ಲ. ನಾಟಿ ಟೈಮು ಬಂದಾಗ ಮಂದಿ ಸಾಲದೆ ಮತ್ತ ಅವರ ಬಂದು ಕರೆದ್ರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗಿಂದ ಈ ಕಡೆ ಎಲ್ಲರೂ ಹಾನಿ ತಿಂದಾರ, ಮಿಲ್ಲಿನೋರೂ ತಿಂದಾರ, ಒಪ್ಪೂಣು. ಆದ್ರ ಎರಡು ಬೆಳಿ ಬಂದ ವರ್ಷ ಲಾಭ ಹೆಚ್ಚಾತು ಅಂತ ನಿನ್ನ ಪಗಾರ ಏರಿಸಿದ್ರೇನು? ಲಾಭದಾಗ ಪಾಲಿಲ್ಲದಾಂವಗ ನಷ್ಟದಾಗ ಪಾಲು ಹಾಕಬಾರದು. ಕೆಲಸ ಇಲ್ಲಂದ್ರ ಬಿಡಿಸಲಿ. ಬಿಡಿಸಿದ್ರ ಎರಡು ದಿನದಾಗ, ಕೆಲಸದ ಎರಡು ದಿನದಾಗ, ಪೂರಾ ಬಾಕಿ ಕೊಡಬೇಕು. ದುಡಿಸ್ಕೊಂಡು ಕೊಡದ ಇರೋದಕ್ಕ ಕಾಲುವಿ ಕಾರಣ ಅಲ್ಲ.

ಹುಡುಗ: ಬೆಂಗಳೂರಿಗೆ ಹೋಗಿಬಿಡ್ಲೇನು ಅಂತ ಅನಿಸ್ತೈತಿ. ಬಿಲ್ಡಿಂಗ್ ಕೆಲಸ ಐತಿ ಅಂತ ಮೇಸ್ತ್ರಿ ಕರಿಯಾಕ ಹತ್ಯಾನ.

ಅಕ್ಕ: ಹೋಗು, ಬ್ಯಾಡ ಅನ್ನಂಗಿಲ್ಲ. ಅರ್ಜಿ ಕೊಟ್ಟು ಹೋಗು. ಊರು ಬಿಟ್ಟ ಮ್ಯಾಲ ಇದು ಮುಳುಗಿದಂಗ. ಮತ್ತ ಅಲ್ಲಿಗೂ ಬರೀ ಕೈಲೆ ಹೋಗಬ್ಯಾಡ. 2020ರ ಏಪ್ರಿಲ್‌ನ್ಯಾಗ ಲಾಕ್‌ಡೌನ್ ಆದಾಗ ಬಿಲ್ಡಿಂಗ್ ಕೆಲಸಕ್ಕ ಹೋಗಿದ್ದ ಸಿಂಧನೂರಿನ ಒಬ್ಬ ಹೆಣ್ಣುಮಗಳು ಬೆಂಗಳೂರಿಂದ ನಡ್ಕೊಂತ ಬಂದಳು, ಬಳ್ಳಾರಿ ತನಕ ಬಂದು ಸತ್ತಳು. ಇನ್ನೂ ಮೂವತ್ತು ಆಗಿರಲಿಲ್ಲ ಆಕಿಗೆ. ಆ ದಿನಗಳಾಗ ಎಷ್ಟು ಮಂದಿ ಫೋನ್ ಮಾಡಿ ಅಳ್ತಿದ್ರು, ಅಕ್ಕಾ ಮೇಸ್ತ್ರಿ ನಂಬರ್ ಸ್ವಿಚ್ ಆಫ್ ಐತಿ ಅಂತ. ನಾ ಕೇಳಿದೆ, ಮೇಸ್ತ್ರಿ ಯಾವ ಕಂಪನಿ ಕೆಲಸ ಹಿಡಿದಾನ? ಗೊತ್ತಿಲ್ಲ. ಯಾವ ಏರಿಯಾ? ಗೊತ್ತಿಲ್ಲ. ಮೇಸ್ತ್ರಿ ಕೊಡಲಿಲ್ಲಂದ್ರ ಮೂಲ ಮಾಲಕ, ಕಟ್ಟಿಸೋ ಕಂಪನಿ, ಕೊಡಬೇಕು. ಅದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಿಂದ ಐತಿ. ಮೂಲ ಮಾಲಕನ ಹೆಸರ ಗೊತ್ತಿಲ್ಲದಾಗ ಯಾರ ಮ್ಯಾಲ ಬರಿಲಿ ನಾ? ನೀ ಹೋದ ದಿನಾನ ಸೈಟಿನ ಮುಂದಿನ ಬೋರ್ಡಿನ ಫೋಟೋ ಹೊಡಿ. ಲೊಕೇಶನ್ ಮನಿಗೆ ಕಳಿಸು.

ಹುಡುಗ: ಕಟ್ಟಡ ಕಾರ್ಮಿಕರ ಕಾರ್ಡ್ ಐತಿ ನನ್ನ ಹತ್ರ, ಇ-ಶ್ರಮ ಕಾರ್ಡೂ ಐತಿ.

ಅಕ್ಕ: ಇಟ್ಟುಕೋ. ಅವು ಪಗಾರ ವಸೂಲಿ ಮಾಡಿ ಕೊಡಂಗಿಲ್ಲ. ಕಾರ್ಡ್ ಮಾಡಿಸಿ ಕೊಡ್ತೀನಿ, ಬಾಕಿ ಬರ್ತೈತಿ ಅಂತ ರೊಕ್ಕ ಕೇಳೋ ಏಜೆಂಟರ್ನ ನಂಬಬ್ಯಾಡ. ವಕೀಲರು ಬೇಕಂದ್ರ ಸಿಂಧನೂರು ಕೋರ್ಟಿನ್ಯಾಗ ತಾಲ್ಲೂಕು ಕಾನೂನು ಸೇವಾ ಸಮಿತಿ ಐತಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದೋರು, ಕಾರ್ಖಾನಿ ಕೆಲಸಗಾರರು, ಇವರಿಗೆ ಆದಾಯ ಕೇಳದ ಪುಕ್ಕಟ ವಕೀಲರ್ನ ಕೊಡ್ತಾರ. 15100ಕ್ಕ ಫೋನ್ ಮಾಡಿದ್ರೂ ಆತು.

ಹುಡುಗ: ಹಂಗಾರ ಅರ್ಜಿ ನನ್ನ ಹೆಸರಿಲೆ ಬರಿಯೂಣೇನ್ರೀ?

ಅಕ್ಕ: ಐದೂ ಮಂದಿ ಹೆಸರಿಲೆ ಒಂದ ಅರ್ಜಿ. ಒಂದ ಮಿಲ್ಲಿನೋರು ಎಷ್ಟು ಮಂದಿ ಇದ್ರೂ ಕೂಡಿ ಹಾಕಾಕ ಕಾಯ್ದೆಯಾಗ ದಾರಿ ಐತಿ. ಒಬ್ಬನ ಹೋದ್ರ ಕೇಸ್ ಹಾಕೋ ಹುಡುಗ ಅಂತಾರ, ಐದು ಮಂದಿ ಹೋದ್ರ ಮಿಲ್ಲಿನ ಹೆಸರು ಮಾತಿಗೆ ಬರ್ತೈತಿ. ಅದಕ್ಕಿಂತ ಮೊದಲ ಸಾವ್ಕಾರಗ ಒಂದು ಪತ್ರ ಬರಿ, ರಿಜಿಸ್ಟರ್ ಪೋಸ್ಟಿಲೆ ಕಳಿಸು. ಬೈಗುಳ ಬ್ಯಾಡ, ದಯವಿಟ್ಟು ಕಾಪಾಡ್ರಿ ಅನ್ನೋದೂ ಬ್ಯಾಡ. ಈ ತಾರೀಖಿಂದ ಈ ತಾರೀಖಿನ ತನಕ ದುಡಿದೀನಿ, ಇಷ್ಟು ಬರಬೇಕು, ಇಷ್ಟು ಬಂದೈತಿ, ಮುಂಗಡದ ಲೆಕ್ಕ ಕೊಡ್ರಿ, ಇಷ್ಟು ದಿನದಾಗ ಖಾತೆಗೆ ಹಾಕ್ರಿ. ಅಷ್ಟ. ಪೋಸ್ಟಿನ ರಸೀದಿ ಜೋಪಾನ.

ಹುಡುಗ: ಪತ್ರ ಮುಟ್ಟಿದ ಕೂಡಲೆ ಕರೆಸಿ ಅರ್ಧ ರೊಕ್ಕ ಕೈಯಾಗ ಇಟ್ಟು ಸಹಿ ಮಾಡು ಅಂದ್ರ?

ಅಕ್ಕ: ರೊಕ್ಕ ತಗೋ, ಅದು ನಿಂದ. ಸಹಿ ಮಾಡೋ ಮೊದಲ ಹಾಳಿಯಾಗ ಏನು ಬರದೈತಿ ಓದು. 'ಪೂರಾ ಬಾಕಿ ಮುಟ್ಟಿತು' ಅಂತ ಇದ್ರ ಮಾಡಬ್ಯಾಡ. ಇಷ್ಟು ಮುಟ್ಟಿತು, ಇಷ್ಟು ಉಳಿದೈತಿ ಅಂತ ನಿನ್ನ ಕೈಲೆ ಬರೆದು ತಾರೀಖು ಹಾಕಿ ಸಹಿ ಮಾಡು, ಫೋಟೋ ಹೊಡ್ಕೋ. ಆ ಖಾಲಿ ಹಾಳಿ, ಬಾಂಡಿನ ವಿಚಾರ ಅರ್ಜಿಯಾಗ ಬರಿಯೋದು ಮರಿಬ್ಯಾಡ. ಚೆಕ್ ಕೊಟ್ರ ತಗೋ, ಬೌನ್ಸ್ ಆದ್ರ ನನಗ ಅದ ದಿನ ಹೇಳು, ಅದಕ್ಕ 30 ದಿನದಾಗ ನೋಟಿಸ್ ಕೊಡಬೇಕು.

ಹುಡುಗ: ಆ ನಾಕು ಮಂದಿಯಾಗ ಒಬ್ಬಾಕಿ ಕಸ ಬಳಿಯಾಕಿ ಅದಾಳ. ಓದಾಕ ಬರೆಯಾಕ ಬರಂಗಿಲ್ಲ, ಫೋನಿಲ್ಲ, ರೊಕ್ಕ ಕೈಯಾಗ ಕೊಡ್ತಿದ್ರು. ಆಕಿ ಹತ್ರ ಏನೂ ಸಾಕ್ಷಿ ಇಲ್ಲ.

ಅಕ್ಕ: ಆಕಿ ಹೆಸರು ಮೊದಲ ಬರಿ. ಆಕಿ ಬಂದದ್ದು ನೀವು ನಾಕೂ ಮಂದಿ ನೋಡೀರಿ, ನೀವ ಆಕಿ ಸಾಕ್ಷಿ. ಆಕಿ ಯಾವ ಯಾವ ದಿನ ಬಂದಳು ಅನ್ನೋದು ಆಕಿನ್ನ ಕುಂದ್ರಿಸ್ಕೊಂಡು, ಅಮಾಸಿ, ಸಂತಿ ಹಿಡಿದು ಕೇಳಿ ಬರಿ, ಬರೆದದ್ದನ್ನ ಆಕಿಗೆ ಓದಿ ಹೇಳು, ಆಮ್ಯಾಲ ಹೆಬ್ಬಟ್ಟು ಒತ್ತಿಸು. ಬೇಸ್ತವಾರ ಐದೂ ಮಂದಿ ಆಧಾರ್, ಪಾಸ್‌ಬುಕ್ ಝೆರಾಕ್ಸ್ ಹಿಡ್ಕೊಂಡು ಸಿಂಧನೂರು ಬಸ್‌ಸ್ಟ್ಯಾಂಡಿಗೆ ಬರ್ರಿ, ನಾ ಲಿಂಗಸುಗೂರಿಂದ ಬರ್ತೀನಿ. ಅರ್ಜಿ ಎರಡು ಪ್ರತಿ ಇರಲಿ. ಒಂದು ಅವರಿಗೆ, ಇನ್ನೊಂದರ ಮ್ಯಾಲ ಸ್ವೀಕೃತಿ ಸೀಲು, ತಾರೀಖು ಹಾಕಿಸ್ಕೊಳ್ದ ಆಫೀಸಿಂದ ಹೊರಗ ಬರಂಗಿಲ್ಲ.